ಸೀಮೆಸುಣ್ಣದ ಗೀಟು

ಸಲೋಮಿಯ ರವಿಕೆ ಗೂಟದಲ್ಲಿ ತೂಗುತ್ತಿದೆ,
ಎಡತೋಳಿಗೆ ಹೊಲಿಗೆ ಬಿದ್ದಿದೆ, ಬಲತೋಳಿಗೆ ಇಲ್ಲ.
ಅರ್ಧ ಇಂಚು ಒಳಗೆ ತಗೋ ಅಣ್ಣ, ಅಂದಿದ್ದಳು.
ಗೀಟೆಳೆದಿದ್ದೆ, ನೀಲಿ ಸೀಮೆಸುಣ್ಣದಲ್ಲಿ.
ಅದು ಮಂಗಳವಾರ.
ಬುಧವಾರ ಜ್ವರ.
ಮುಂದಿನ ಬುಧವಾರ ಚಿಗಟೇರಿ ಆಸ್ಪತ್ರೆಯ ಕಾರಿಡಾರಿನಲ್ಲಿ
ಅವಳ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದೆ,
ಯಾರಿಗೆ ಕೊಡಬೇಕೆಂದು ತಿಳಿಯದೆ.

ಗೋರಿಯ ಮೇಲಿನ ಮಣ್ಣು ಇನ್ನೂ ಕೂತಿಲ್ಲ.
ಭಾನುವಾರ ಅಯ್ಯನವರು ಪ್ರಸಂಗ ಮಾಡಿದರು,
ನಮ್ಮೂರಿನ ಮಾತನ್ನೇ ಹುಡುಕಿ ತಂದಿದ್ದರು, ಪಾಪ:
"ಭಟ್ಟಿಯ ಮರಳು ಕಾಯದೆ ಅಕ್ಕಿ ಅರಳುವುದುಂಟೇ?
ಸಂಕಟದಲ್ಲಿ ಹುರಿದೇ ದೇವರು
ನಮ್ಮನ್ನು ಮಂಡಕ್ಕಿಯಷ್ಟು ಬಿಳುಪು ಮಾಡುತ್ತಾನೆ."
ಸಭೆ ಆಮೆನ್ ಅಂದಿತು.
ನನ್ನ ನಾಲಿಗೆ ಏಳಲಿಲ್ಲ.

ಭಟ್ಟಿ ಬೀದಿಯಲ್ಲೇ ಬಾಳಿದವನು ನಾನು,
ಆ ಹೊಗೆಯಲ್ಲೇ ಕೆಮ್ಮುತ್ತ ಊರ ಮಕ್ಕಳ
ಯೂನಿಫಾರ್ಮು ಹೊಲಿದವನು.
ಅರಳದೆ, ಕರಕಾಗಿ, ಮರಳಿನಲ್ಲೇ ಉಳಿಯುವ
ಕಾಳುಗಳನ್ನೂ ಕಂಡವನು.
ನನ್ನ ತಂಗಿ ಅಕ್ಕಿಯಲ್ಲ ಅಯ್ಯನವರೇ.
ಇಪ್ಪತ್ತೊಂಬತ್ತು ವರ್ಷ. ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಬಡಿಸುತ್ತಿದ್ದಳು,
ಮೊಟ್ಟೆ ಒಲ್ಲದ ಮಕ್ಕಳಿಗೆ ಬಾಳೆಹಣ್ಣು ಎತ್ತಿಡುತ್ತಿದ್ದಳು,
ಕೀರ್ತನೆ ಹಾಡುವಾಗ ಶ್ರುತಿ ತಪ್ಪುತ್ತಿದ್ದಳು,
ತಪ್ಪಿದ್ದು ಗೊತ್ತಾದರೆ ಇನ್ನೂ ಜೋರಾಗಿ ಹಾಡುತ್ತಿದ್ದಳು.
ಯಾವ ಕಪ್ಪಿತ್ತು ಅವಳಲ್ಲಿ, ಬಿಳುಪು ಮಾಡಲು?

ಕೇಳಲಿಲ್ಲ. ಎದ್ದು ಬಂದೆ.

ರಾತ್ರಿ ನಿನ್ನ ಹತ್ತಿರ ಜಗಳಕ್ಕೆ ಕೂತೆ,
ಹೊಲಿಗೆ ಮಿಷನ್ನಿನ ಮುಂದೆ, ದೀಪ ಹಚ್ಚದೆ.
ಸತ್ತ ಹುಡುಗಿಯ ಕೈಹಿಡಿದು ಎಬ್ಬಿಸಿದೆಯಂತೆ,
ವಿಧವೆಯ ಮಗನ ಚಟ್ಟ ತಡೆದು ನಿಲ್ಲಿಸಿದೆಯಂತೆ.
ದಾವಣಗೆರೆ ದೂರವಾಯಿತೇ ನಿನಗೆ?
ರೈಲಿದೆಯಲ್ಲ, ರಾತ್ರಿಯೆಲ್ಲ ಬಸ್ಸಿದೆಯಲ್ಲ.
ಬೈದೆ. ಬೈಗುಳ ಮುಗಿಯಿತು.
ಆಮೇಲೆ ಬರೀ ಗಾಲಿ ತಿರುಗಿಸುತ್ತ ಕೂತೆ,
ಹಿಂದಕ್ಕೆ, ಮುಂದಕ್ಕೆ, ಸೂಜಿಯಲ್ಲಿ ದಾರವಿಲ್ಲದೆ.

ಜೈತುನ್‌ಬಿ ಬಾಗಿಲು ತಟ್ಟಲಿಲ್ಲ.
ಭಟ್ಟಿ ಆರಿಸಿ ಬಂದವಳು, ರೆಪ್ಪೆಯ ಮೇಲೆ ಬೂದಿ,
ಸೆರಗಿನಲ್ಲಿ ಬಿಸಿ ಮಂಡಕ್ಕಿ.
ಹೊಸ್ತಿಲ ಮೇಲೆ ಕೂತಳು.
ದೇವರ ಇಚ್ಛೆ ಅನ್ನಲಿಲ್ಲ, ಧೈರ್ಯ ತಗೋ ಅನ್ನಲಿಲ್ಲ,
ತಿನ್ನು ಅಂತಲೂ ಅನ್ನಲಿಲ್ಲ.
ಗಂಟು ಬಿಚ್ಚಿ ನಮ್ಮಿಬ್ಬರ ನಡುವೆ ಸುರಿದಳು.
ಅಂಗೈಯಲ್ಲಿ ಮರಳು ಸುಟ್ಟ ಹಳೇ ಬೊಕ್ಕೆಗಳು.
"ನನ್ನ ಆಪಾ ಅಂತಿತ್ತು ಆ ಕೂಸು" ಅಂದಳು,
ಅತ್ತಳು.
ಬಿಕ್ಕಲಿಲ್ಲ. ಪೂರ್ತಿ ತಿರುವದೆ ಬಿಟ್ಟ ನಲ್ಲಿಯಿಂದ
ನೀರು ಇಳಿಯುತ್ತದಲ್ಲ, ಹಾಗೆ.

ಆಗ ನೆನಪಾದೆ ನೀನು.
ಎಬ್ಬಿಸಿದ ನೀನಲ್ಲ, ಎಬ್ಬಿಸುವ ಮುಂಚಿನ ನೀನು.
ಗೆಳೆಯನ ಗವಿಯ ಮುಂದೆ,
ಇನ್ನೊಂದು ಗಳಿಗೆಗೆ ಅವನು ಎದ್ದು ಬರುತ್ತಾನೆಂದು ಗೊತ್ತಿದ್ದೂ
ನಿಂತಲ್ಲೇ ಅತ್ತೆಯಲ್ಲ, ಅದೇಕೆ?
ಎಷ್ಟು ಸಲ ಓದಿದ್ದೆ. ಎಷ್ಟು ಬೇಗ ಓದಿ ದಾಟಿದ್ದೆ.
ಅಕ್ಕತಂಗಿಯರ ಅಳು ಕೇಳಿ ತಡೆಯಲಾಗಲಿಲ್ಲ ನಿನಗೆ.
ಅಷ್ಟೇ. ಅದರಲ್ಲಿ ಪಾಠವಿಲ್ಲ.
ಹೊಗೆ ತುಂಬಿದ ಮನೆಗೆ ಬಂದವರ ಕಣ್ಣು
ಒದ್ದೆಯಾಗಲೇಬೇಕು.

ಸಮಾಧಾನವಾಯಿತು ಅನ್ನಲಾರೆ.
ಒಂದು ಮುಕ್ಕು ಮಂಡಕ್ಕಿ ತಿಂದೆ.
ಹತ್ತು ದಿನದ ಮೇಲೆ ನಾಲಿಗೆಗೆ ಉಪ್ಪು ಗೊತ್ತಾಯಿತು,
ಮಂಡಕ್ಕಿಯದೋ, ನನ್ನದೋ,
ಅವಳದೋ, ನಿನ್ನದೋ.

ಬೆಳಿಗ್ಗೆ ರವಿಕೆ ಇಳಿಸಿ ಬಲತೋಳು ಮುಗಿಸಿದೆ,
ಅರ್ಧ ಇಂಚು ಒಳಗೆ, ಹೇಳಿದ ಹಾಗೆ.
ನೀಲಿ ಗೀಟು ಮಾತ್ರ ಹಾಗೇ ಇದೆ.
ಕೊಡವಿದರೆ ಹೋಗುವಂಥದ್ದು.
ಕೊಡವಿಲ್ಲ ನಾನು.
ಕೊಡವು ಅಂತ
ನೀನೂ ಹೇಳಿಲ್ಲ.